ಚುಕ್ಕೆಗಳಲ್ಲಿ ಕೆತ್ತಿದ ರಿವಾಲ್ವರ್

ಹಾಸನದ ಪಾತ್ರೆ ಅಂಗಡಿಯೊಂದರ ಮೂಲೆಯಲ್ಲಿ ನಮ್ಮಪ್ಪ ಮೂವತ್ತೈದು ವರ್ಷ ಪಾತ್ರೆಗಳಿಗೆ ಹೆಸರು ಹಾಕುತ್ತ ಕುಳಿತಿದ್ದರು. ಮುಯ್ಯಿಗೆಂದು ಕೊಂಡ ಚೊಂಬು, ತಟ್ಟೆ, ಹಾಲಿನ ಪಾತ್ರೆಗಳನ್ನು ಜನ ಅವರ ಮುಂದಿಟ್ಟು, ಹೆಸರು, ಊರು, ತಾರೀಕು ಬರೆದ ಚೀಟಿ ಕೊಡುತ್ತಿದ್ದರು. ಅಪ್ಪ ಪಾತ್ರೆಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ಬೆರಳುದ್ದದ ಚಾಣವನ್ನು ಸಣ್ಣ ಸುತ್ತಿಗೆಯಿಂದ ಟಕಟಕನೆ ಬಡಿಯುತ್ತ ಚುಕ್ಕೆ ಚುಕ್ಕೆಯಾಗಿ ಅಕ್ಷರ ಮೂಡಿಸುತ್ತಿದ್ದರು. ವಿದ್ಯುತ್ ಯಂತ್ರ ಬಂದ ಮೇಲೂ ಹಿತ್ತಾಳೆ ಪಾತ್ರೆಗೆ ಅವರು ಹಿಡಿಯುತ್ತಿದ್ದದ್ದು ಚಾಣವನ್ನೇ. ಶಾಲೆ ಬಿಟ್ಟ ಮೇಲೆ ನಾನು ಆ ಮೂಲೆಯಲ್ಲೇ ಕುಳಿತು ಮನೆಪಾಠ ಬರೆಯುತ್ತಿದ್ದೆ. ಆ ಸದ್ದು ಇಂದಿಗೂ ಕಿವಿಯಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕೆತ್ತನೆಯ ರಿವಾಲ್ವರ್‌ಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಬೇರೆ ಕಡೆ, ಬೇರೆ ಕಾರಣಕ್ಕೆ. ಆದರೆ ನಾನು ಕೊಂಡ ರಿವಾಲ್ವರ್ ಅಸಲಿ ಎಂದು ನನಗೆ ತಿಳಿದದ್ದು ಆ ಚಾಣದ ದೆಸೆಯಿಂದ.

ನಾನು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ವಿಮಾ ಕಂಪನಿಯೊಂದರ ಸಾಫ್ಟ್‌ವೇರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೆದ್ದಾರಿಯಲ್ಲಿ ಊರೊಳಗೆ ಬರುವಾಗ, ರಿವಾಲ್ವರ್‌ಗಳಿಗೆ ಹೆಸರಾದ ಕೋಲ್ಟ್ ಕಂಪನಿಯ ಹಳೆಯ ಕಾರ್ಖಾನೆಯ ಗುಮ್ಮಟ ಕಾಣುತ್ತದೆ. ಈರುಳ್ಳಿಯ ಆಕಾರ, ನೀಲಿ ಬಣ್ಣ, ಮೈತುಂಬ ಚಿನ್ನದ ನಕ್ಷತ್ರಗಳು, ತುದಿಯಲ್ಲಿ ಮುಂಗಾಲೆತ್ತಿ ನಿಂತ ಕುದುರೆಮರಿ. ಸ್ಯಾಮ್ಯುಯೆಲ್ ಕೋಲ್ಟ್ ಕಟ್ಟಿಸಿದ ಮೂಲ ಕಟ್ಟಡ 1864ರ ಬೆಂಕಿಯಲ್ಲಿ ಸುಟ್ಟುಹೋಯಿತು. ಆತನ ಹೆಂಡತಿ ಎಲಿಜಬೆತ್ ಅದನ್ನು ಮತ್ತೆ ಕಟ್ಟಿಸಿದರು. ಎರಡು ವರ್ಷ ಆ ಗುಮ್ಮಟವನ್ನು ದಿನವೂ ನೋಡಿದ ಮೇಲೆ, ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ರಾಜ್ಯ ಗ್ರಂಥಾಲಯದ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋದೆ. ಕೋಲ್ಟ್ ಕಾರ್ಖಾನೆಯ ಸ್ವಂತ ಸಂಗ್ರಹ ಇರುವುದು ಅಲ್ಲಿ. ಪ್ರವೇಶ ಉಚಿತ.

ಬಂದೂಕು ನೋಡಬೇಕೆಂದೇನೂ ನಾನು ಹೋಗಿರಲಿಲ್ಲ. ಆದರೆ ಗಾಜಿನ ಹಿಂದಿನ ಒಂದು ರಿವಾಲ್ವರ್ ಮುಂದೆ ಕಾಲು ನಿಂತುಬಿಟ್ಟಿತು. ಉಕ್ಕಿನ ಮೈಮೇಲೆ ಬಳ್ಳಿ ಸುರುಳಿ ಸುತ್ತಿಕೊಂಡು ಹರಿದಿತ್ತು. ಒಂದು ಸುರುಳಿಯ ಹೊಟ್ಟೆಯಿಂದ ಇನ್ನೊಂದು ಹೊರಟು, ಎಲೆ ಮಡಿಚಿ, ಸ್ಕ್ರೂವಿನ ತಲೆಯನ್ನೂ ದಾಟಿ ಹೋಗಿತ್ತು. ಬಳ್ಳಿಯ ಹಿಂದಿನ ನೆಲದಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು, ನೂರಾರು. ಬೇಲೂರಿನ ಗುಡಿಯಲ್ಲಿ ಕಲ್ಲು ಹೀಗೆ ಬಳ್ಳಿಯಾಗುವುದನ್ನು ನೋಡಿ ಬೆಳೆದವಳು ನಾನು. ಉಕ್ಕು ಹಾಗಾದದ್ದನ್ನು ಕಂಡಿರಲಿಲ್ಲ.

ಆಮೇಲೆ ಓದು ಶುರುವಾಯಿತು. ಈ ಕಲೆಯನ್ನು ಇಲ್ಲಿ ಬೆಳೆಸಿದವರಲ್ಲಿ ಮುಖ್ಯರು ಜರ್ಮನಿಯಿಂದ ವಲಸೆ ಬಂದ ಕೆತ್ತನೆಗಾರರು. ಗುಸ್ತಾವ್ ಯಂಗ್ 1850ರ ದಶಕದಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಕೋಲ್ಟ್‌ಗಾಗಿ ಕೆತ್ತಿದರು, ಆಮೇಲೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಸ್ಮಿತ್ ಅಂಡ್ ವೆಸನ್ ಕಂಪನಿಗೆ ಕೆತ್ತಿದರು. ಕೂನೋ ಹೆಲ್ಫ್ರಿಖ್ಟ್ ಎಂಬವರು 1870ರ ದಶಕದ ಆರಂಭದಿಂದ 1921ರವರೆಗೆ, ಹೆಚ್ಚುಕಡಿಮೆ ಅರ್ಧ ಶತಮಾನ, ಕೋಲ್ಟ್ ಕೆತ್ತನೆಯ ಮುಖ್ಯಸ್ಥರಾಗಿದ್ದರು. ನನಗೆ ಎಲ್ಲರಿಗಿಂತ ಹತ್ತಿರವಾದವರು ನ್ಯೂಯಾರ್ಕ್‌ನ ಲೂಯಿ ಡೇನಿಯಲ್ ನಿಮ್ಶ್ಕೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡೋರ್ ರೂಸ್‌ವೆಲ್ಟ್ ಪಶ್ಚಿಮದ ಹುಲ್ಲುಗಾವಲಿಗೆ ಒಯ್ದ ಕೋಲ್ಟ್ ಅವರ ಕೆತ್ತನೆಯದೇ. ನಿಮ್ಶ್ಕೆ ತಾವು ಕೆತ್ತಿದ ಲೋಹಕ್ಕೆ ಮಸಿ ಸವರಿ ಕಾಗದದ ಮೇಲೆ ಅಚ್ಚು ತೆಗೆದು ಒಂದು ಪುಸ್ತಕದಲ್ಲಿ ಕೂಡಿಡುತ್ತಿದ್ದರು. ನಮ್ಮ ಶಾಸನತಜ್ಞರು ಕಲ್ಲಿನ ಪಡಿಯಚ್ಚು ತೆಗೆಯುವ ರೀತಿಯಲ್ಲೇ. ಆ ಪುಸ್ತಕ ಉಳಿದುಬಂದಿರುವುದರಿಂದಲೇ ಸಹಿ ಇಲ್ಲದ ಎಷ್ಟೋ ಬಂದೂಕುಗಳು ಅವರ ಕೈಯವು ಎಂದು ಇಂದು ಗುರುತಿಸಲು ಸಾಧ್ಯವಾಗಿದೆ.

ಈ ಸೌಂದರ್ಯದ ಹಿಂದೆ ಏನಿತ್ತು ಎಂಬುದನ್ನು ಮರೆತು ಈ ಹವ್ಯಾಸ ನಡೆಸುವವರ ಜೊತೆ ನನಗೆ ಸರಿಬರುವುದಿಲ್ಲ. ಕೋಲ್ಟ್‌ನ ಮೊದಲ ದೊಡ್ಡ ರಿವಾಲ್ವರ್‌ಗಳ ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಉರುಳೆಯ ಮೇಲೆ ಅಚ್ಚೊತ್ತಿದ ದೃಶ್ಯವೇ ಕುದುರೆ ಸವಾರರು ಕೊಮಾಂಚಿ ಜನರನ್ನು ಅಟ್ಟಿಸಿಕೊಂಡು ಹೋಗುವುದು. ಮೂಲನಿವಾಸಿಗಳ ನೆಲ ಕಿತ್ತುಕೊಂಡದ್ದರಲ್ಲಿ ಈ ಲೋಹಕ್ಕೂ ಪಾಲಿದೆ. ಅದನ್ನು ಎದುರಿಗಿಟ್ಟುಕೊಂಡೇ ನಾನು ಕೆತ್ತಿದ ಕೈಗಳ ಕಡೆ ನೋಡುತ್ತೇನೆ.

ಕೊಳ್ಳುವ ಆಸೆ ಬಂದಾಗ ಮೊದಲು ಕಾನೂನು ತಿಳಿದುಕೊಂಡೆ. ಎಚ್-1ಬಿ ವೀಸಾದಲ್ಲಿರುವವರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. 1968ರ ಬಂದೂಕು ನಿಯಂತ್ರಣ ಕಾಯಿದೆಯ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಪುರಾತನ ವಸ್ತು; ಒಕ್ಕೂಟದ ಕಾನೂನಿನ ಕಣ್ಣಿನಲ್ಲಿ ಅದು ಬಂದೂಕೇ ಅಲ್ಲ. ಆದರೆ ರಾಜ್ಯಕ್ಕೊಂದು ಕಾನೂನು ಬೇರೆ ಇರುತ್ತದೆ. ನಾನು ಯಾವ ಅನುಮಾನಕ್ಕೂ ಎಡೆ ಕೊಡದೆ ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಕಾದೆ, ಆಮೇಲೆ ವಕೀಲರೊಬ್ಬರನ್ನು ಕೇಳಿ ಖಚಿತಪಡಿಸಿಕೊಂಡೆ. ಈ ದಾರಿಯಲ್ಲಿ ಹೊರಡುವ ನಮ್ಮವರೆಲ್ಲರೂ ಹಾಗೆಯೇ ಮಾಡಬೇಕು. ಊರಿಗೆ ಒಯ್ದು ತೋರಿಸುತ್ತೇನೆ ಎಂಬ ಯೋಚನೆಯನ್ನಂತೂ ಬಿಟ್ಟುಬಿಡಬೇಕು. ಭಾರತದ ಆಯುಧ ಕಾಯಿದೆ ಬೇರೆಯೇ.

ಮೊದಲ ಖರೀದಿಯಲ್ಲೇ ಪೆಟ್ಟು ತಿಂದೆ. ವ್ಯಾಪಾರಿಯೊಬ್ಬರ ಬಳಿ ಕೋಲ್ಟ್ 1849 ಪಾಕೆಟ್ ಮಾದರಿಯ ಪುಟ್ಟ ರಿವಾಲ್ವರ್ ಇತ್ತು. ಮೈತುಂಬ ಬಳ್ಳಿ. ‘ಆ ಕಾಲದ್ದೇ ಕೆತ್ತನೆ’ ಎಂದರು. 1,800 ಡಾಲರ್ ಕೊಟ್ಟೆ. ಮನೆಗೆ ತಂದು ವಾರಗಟ್ಟಲೆ ಹಿಗ್ಗಿದೆ. ಆಮೇಲೆ ಪರಿಚಯವಾದ ಹಿರಿಯ ಸಂಗ್ರಾಹಕರೊಬ್ಬರು, ಜೀವಮಾನವಿಡೀ ಕಾರ್ಖಾನೆಯಲ್ಲಿ ಅಚ್ಚು ಮತ್ತು ಹತ್ಯಾರು ತಯಾರಿಸಿದ ನಿವೃತ್ತರು, ಅದನ್ನು ಕಿಟಕಿಯ ಬಳಿ ಒಯ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ನನ್ನ ಕೈಗೆ ಕೊಟ್ಟರು.

“ಈ ತುಕ್ಕಿನ ಗುಳಿ ನೋಡಿ ಮೇಡಂ. ಬಳ್ಳಿಯ ಗೆರೆ ಅದರ ಹತ್ತಿರ ಬಂದಾಗ ಏನಾಗುತ್ತದೆ?”

ನೋಡಿದೆ. ಗೆರೆ ಗುಳಿಯೊಳಗೆ ಇಳಿದು, ತಳದಲ್ಲಿ ಮಿಂಚಿ, ಆಚೆ ದಡಕ್ಕೆ ಹತ್ತಿ ಮುಂದೆ ಹೋಗಿತ್ತು.

ಅವರು ಮತ್ತೇನೂ ಹೇಳಬೇಕಾಗಿರಲಿಲ್ಲ. ಗೆರೆ ಮೊದಲು, ತುಕ್ಕು ಆಮೇಲೆ ಎಂದಾದರೆ ತುಕ್ಕು ಗೆರೆಯನ್ನು ತಿಂದುಹಾಕಿರಬೇಕಿತ್ತು. ಇಲ್ಲಿ ತುಕ್ಕು ಮೊದಲು ಹಿಡಿದಿದೆ, ಎಷ್ಟೋ ದಶಕಗಳ ಮೇಲೆ ಯಾರೋ ಅದರ ಮೇಲೆ ಬಳ್ಳಿ ಕೊರೆದಿದ್ದಾರೆ. ಸಿಲಿಂಡರ್ ಮೇಲೆ ಇರಬೇಕಾದ ಸಾರೋಟು ದರೋಡೆಯ ದೃಶ್ಯವೂ ಮಾಯವಾಗಿತ್ತು. ಉಜ್ಜಿ ತೆಗೆದು ಆ ಜಾಗದಲ್ಲೂ ಬಳ್ಳಿ ಹಾಕಿದ್ದರು. ನೋಟುಗಳ ಅಚ್ಚು ಕೆತ್ತುತ್ತಿದ್ದ ಆರ್ಮ್ಸ್‌ಬಿ ಎಂಬ ಕಲಾವಿದರು ಕೋಲ್ಟ್‌ಗೆ ಮಾಡಿಕೊಟ್ಟ ದೃಶ್ಯ ಅದು. ಸಾದಾ ಸ್ಥಿತಿಯಲ್ಲೇ ಬಿಟ್ಟಿದ್ದರೆ ಒಂದು ಪ್ರಾಮಾಣಿಕ ಹಳೆಯ ವಸ್ತು ಉಳಿಯುತ್ತಿತ್ತು. ಅದಕ್ಕೆ ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ಸಂಕಟವಾಯಿತು. ‘ಇತ್ತೀಚಿನ ಕೆತ್ತನೆ’ ಎಂದು ಬರೆದು ಅರ್ಧ ಬೆಲೆಗೆ ಮಾರಿದೆ.

ಆ ಹಿರಿಯರ ಮನೆಗೆ ಮುಂದಿನ ಒಂದೂವರೆ ವರ್ಷ ತಿಂಗಳಿಗೊಮ್ಮೆ ಹೋದೆ. ಕಲಿಸಿದ್ದನ್ನೆಲ್ಲ ಬರೆಯಲು ಹೊರಟರೆ ಮುಗಿಯುವುದಿಲ್ಲ. ಕೆತ್ತನೆ ಆಗುವುದು ಲೋಹ ಇನ್ನೂ ಮೆದುವಾಗಿ, ಬರಿಮೈಯಲ್ಲಿ ಇರುವಾಗ. ಬಣ್ಣ, ನಿಕ್ಕಲ್ ಎಲ್ಲ ಆಮೇಲೆ. ಹಾಗಾಗಿ ಅಸಲಿ ಕೆತ್ತನೆಯ ಗೆರೆಯ ತಳದಲ್ಲೂ ಲೇಪ ಇರುತ್ತದೆ. ಕೈ ತಾಗಿ ಸವೆದ ಕಡೆ ಗೆರೆಯೂ ಸವೆದಿರಬೇಕು. ಪೇಟೆಂಟ್ ತಾರೀಕುಗಳ ಅಕ್ಷರದ ಮೇಲೆ ಬಳ್ಳಿ ಹತ್ತಿದ್ದರೆ ಅನುಮಾನಪಡಬೇಕು. ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ, ಓರೆಯಾಗಿ ಬಿಡಬೇಕು. ಈ ಕೊನೆಯದು ನನಗೆ ಗೊತ್ತಿತ್ತು. ಸವೆದ ಶಾಸನ ಓದಲು ಸಂಜೆ ಬಿಸಿಲಿಗೆ ಕಾಯುವವರನ್ನು ಹಳೇಬೀಡಿನಲ್ಲಿ ನೋಡಿದ್ದೆ.

ಕೋಲ್ಟ್ ಬಗ್ಗೆ ಒಂದು ಅನುಕೂಲವಿದೆ. ಕಂಪನಿಯ ಹಳೆಯ ರವಾನೆ ದಫ್ತರಗಳು ಬಹುಪಾಲು ಉಳಿದಿವೆ. 1873ರಲ್ಲಿ ಬಂದ ಪ್ರಸಿದ್ಧ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರ್‌ನ ಕ್ರಮಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ, ಅದು ಯಾವ ದಿನ ಯಾವ ವ್ಯಾಪಾರಿಗೆ ಹೋಯಿತು, ನಳಿಕೆ ಎಷ್ಟು ಉದ್ದ, ಮೈಗೆ ಯಾವ ಲೇಪ, ಕೆತ್ತನೆ ಇತ್ತೇ ಎಂದು ಪತ್ರ ಬರುತ್ತದೆ. ಕೆತ್ತನೆ ಇತ್ತು ಎಂದು ಪತ್ರ ಹೇಳಿದರೆ ಮುಗಿಯಿತು, ಬೆಲೆ ನನ್ನಂಥ ಸಂಬಳದಾರರ ಕೈಗೆ ಎಟುಕುವುದಿಲ್ಲ. ಆ ಆಸೆಯನ್ನು ಬೇಗನೆ ಬಿಟ್ಟೆ. ದಂತದ ಹಿಡಿಯ ವಸ್ತುಗಳನ್ನೂ ಬಿಟ್ಟೆ. 2016ರ ನಿಯಮಗಳ ಮೇಲೆ ಆಫ್ರಿಕದ ಆನೆದಂತದ ಮಾರಾಟಕ್ಕೆ ಬಿಗಿ ಕಟ್ಟುಪಾಡುಗಳಿವೆ, ನೂರು ವರ್ಷ ದಾಟಿದ್ದಕ್ಕೂ ಪುರಾವೆ ಬೇಕು. ಕಟ್ಟುಪಾಡು ಇಲ್ಲದಿದ್ದರೂ ಸಕಲೇಶಪುರದ ಕಡೆಯ ಆನೆಗಳನ್ನು ನೋಡಿದ ನನಗೆ ಅದು ಬೇಡವಾಗಿತ್ತು.

ಹಿರಿಯರು ಒಂದು ದಿನ ತಮ್ಮ ಬೀರುವಿನಿಂದ ಫ್ಲಾನೆಲ್ ಬಟ್ಟೆಯ ಗಂಟೊಂದನ್ನು ತೆಗೆದರು. “ನನಗೆ ಎಂಬತ್ತೆರಡಾಯಿತು. ಒಂದೊಂದೇ ಕೊಡುತ್ತಿದ್ದೇನೆ. ಇದನ್ನು ನೋಡಿ. ಆದರೆ ಇದಕ್ಕೆ ಪತ್ರ ಸಿಗುವುದಿಲ್ಲ.”

ಅದು ಮರ್ವಿನ್ ಹಲ್ಬರ್ಟ್ ಕಂಪನಿಯ ಪಾಕೆಟ್ ಆರ್ಮಿ ಎಂಬ ರಿವಾಲ್ವರ್. ಕಂಪನಿ ನ್ಯೂಯಾರ್ಕ್‌ನದು, ಆದರೆ ತಯಾರಿಸಿದ್ದು ಇಲ್ಲಿಂದ ಸುಮಾರು ಒಂದು ಗಂಟೆಯ ದಾರಿಯ ನಾರ್ವಿಚ್ ಊರಿನ ಹಾಪ್ಕಿನ್ಸ್ ಅಂಡ್ ಆಲನ್ ಕಾರ್ಖಾನೆ. ಕಾಲ 1880ರ ದಶಕ. ನಳಿಕೆಯ ಮೇಲೆ ‘ಕ್ಯಾಲಿಬರ್ ವಿಂಚೆಸ್ಟರ್ 1873’ ಎಂಬ ಮುದ್ರೆ ಇತ್ತು. ಅಂದರೆ ಆ ಹೆಸರಿನ ರೈಫಲ್‌ಗೆ ಹಾಕುವ ತೋಟಾವನ್ನೇ ಇದಕ್ಕೂ ಹಾಕಬಹುದು. ಅಂಗಡಿಯಿಂದ ಅಂಗಡಿಗೆ ದಿನಗಟ್ಟಲೆ ದಾರಿ ಇದ್ದ ನಾಡಿನಲ್ಲಿ ಒಂದೇ ಬಗೆಯ ತೋಟಾ ಹೊತ್ತರೆ ಸಾಕು ಎನ್ನುವುದು ಸಣ್ಣ ಮಾತಲ್ಲ. ಹಿಡಿಯ ಬುಡ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಹೊರಬಂದಿತ್ತು. ಹಿಡಿಗೆ ಕಪ್ಪು ಗಟ್ಟಿ ರಬ್ಬರ್.

ಅದನ್ನು ತೆರೆಯುವ ಬಗೆಯನ್ನು ಅವರು ತೋರಿಸಿದ್ದು ನಾನು ಮರೆಯಲಾರೆ. ಮೊದಲು ಆರೂ ಕೋಣೆಗಳು ಖಾಲಿ ಎಂದು ನೋಡಿಕೊಂಡರು. ಆಮೇಲೆ ಚೌಕಟ್ಟಿನ ಕೆಳಗಿನ ಗುಂಡಿಯನ್ನು ಹಿಂದಕ್ಕೆ ಸರಿಸಿ, ನಳಿಕೆಯನ್ನು ಕಾಲು ಸುತ್ತು ತಿರುಗಿಸಿ, ಮುಂದಕ್ಕೆ ಎಳೆದರು. ನಳಿಕೆ, ಸಿಲಿಂಡರ್ ಎರಡೂ ಒಟ್ಟಿಗೆ ಮುಂದೆ ಜಾರಿದವು. ಸುಟ್ಟ ತೋಟಾಗಳ ಖಾಲಿ ಕೊಳವೆಗಳು ಮಾತ್ರ ಉದುರಿ, ಗುಂಡು ಇರುವವು ಉದ್ದವಾಗಿರುವುದರಿಂದ ಒಳಗೇ ಉಳಿಯುವಂಥ ಲೆಕ್ಕಾಚಾರ. ಕೈ ಬಿಟ್ಟಾಗ ನಳಿಕೆ ತಾನಾಗಿ ಹಿಂದಕ್ಕೆ ಸೆಳೆದುಕೊಂಡಿತು. ಭಾಗ ಭಾಗಗಳ ನಡುವೆ ಗಾಳಿಗೂ ಎಡೆಯಿಲ್ಲದಷ್ಟು ನಿಖರವಾಗಿ ಮಾಡಿದ್ದಾರೆ. ನೂರಮೂವತ್ತು ವರ್ಷಗಳ ಮೇಲೂ ಅದು ಉಸಿರೆಳೆಯುವಂತೆ ಒಳಗೆ ಹೋದದ್ದನ್ನು ಕೇಳಿ ನನ್ನ ಮೈ ಜುಮ್ಮೆಂದಿತು.

ಕೆತ್ತನೆ? ಬಳ್ಳಿಯನ್ನು ಗೆರೆಯಾಗಿ ಸೀಳದೆ ಚುಕ್ಕೆ ಚುಕ್ಕೆಯಾಗಿ ಬಡಿದು ಮೂಡಿಸಿದ್ದರು. ಮರ್ವಿನ್ ಹಲ್ಬರ್ಟ್ ಕೆತ್ತನೆಯ ಗುರುತೇ ಅದು. ಚೌಕಟ್ಟಿನ ಬದಿಯಲ್ಲಿ ಒಂದು ಪುಟ್ಟ ಅಂಕಣ ಬಿಟ್ಟು ಅದರೊಳಗೆ ಪ್ರಾಣಿ, ಹೂವು, ಕಟ್ಟಡ, ಹೀಗೆ ಏನಾದರೊಂದು ಚಿತ್ರ ಹಾಕುತ್ತಿದ್ದರು. ಇದರ ಅಂಕಣದಲ್ಲಿ ಒಂದು ಹಕ್ಕಿ ಇತ್ತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು.

ಪತ್ರ ಸಿಗದಿರಲು ಕಾರಣ, ಹಾಪ್ಕಿನ್ಸ್ ಅಂಡ್ ಆಲನ್ ಕಾರ್ಖಾನೆಗೆ 1900ರಲ್ಲಿ ಬೆಂಕಿ ಬಿತ್ತು, ದಾಖಲೆಗಳು ಹೋದವು. ಮರ್ವಿನ್ ಹಲ್ಬರ್ಟ್ ಅದಕ್ಕೂ ಮೊದಲೇ ಮುಚ್ಚಿತ್ತು. ಲೋಹ ಹೇಳಿದ್ದಷ್ಟೇ ಸಾಕ್ಷಿ. ಹಿರಿಯರು 3,400 ಡಾಲರ್ ಎಂದರು. ಅವರನ್ನು ನಂಬುತ್ತಿದ್ದೆ, ಆದರೂ ಅವರೇ ಕಲಿಸಿದ ಪಾಠ ನಂಬಿಕೆಯ ಮೇಲೆ ಕೊಳ್ಳಬಾರದು ಎಂಬುದು. ಬೆಳಕನ್ನು ಓರೆಯಾಗಿಟ್ಟು ನಲವತ್ತು ಫೋಟೋ ತೆಗೆದುಕೊಂಡು ಮನೆಗೆ ಬಂದೆ. ನನಗೆ ಕಲಿಸಿದ್ದೆಲ್ಲ ಗೆರೆಯ ಪರೀಕ್ಷೆ. ಚುಕ್ಕೆಯನ್ನು ಪರೀಕ್ಷಿಸುವುದು ಹೇಗೆ? ಅದನ್ನು ತಿಳಿದವರು ಯಾರು ಎಂದು ಮೂರು ದಿನ ಯೋಚಿಸಿದೆ. ನಾಲ್ಕನೆಯ ರಾತ್ರಿ ಒಂಬತ್ತಕ್ಕೆ, ಹಾಸನದಲ್ಲಿ ಬೆಳಗ್ಗೆ ಆರೂವರೆಗೆ, ಅಪ್ಪನಿಗೆ ಫೋಟೋಗಳನ್ನು ಕಳಿಸಿ ಕರೆ ಮಾಡಿದೆ.

ಅಪ್ಪ ಕಾಫಿ ಲೋಟ ಪಕ್ಕಕ್ಕಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಇದು ಏನು ವಸ್ತುವಮ್ಮ?”

ಹೇಳಿದೆ. ಬಂದೂಕು ಎಂದದ್ದಕ್ಕೆ ಮುಖ ಸಪ್ಪಗಾಯಿತು. “ಅದೆಲ್ಲ ನಮಗೆ ಯಾಕಮ್ಮ?” ಎಂದರು. ಆದರೆ ಕಣ್ಣು ಫೋಟೋ ಬಿಟ್ಟಿರಲಿಲ್ಲ. “ಕೆಲಸ ಮಾತ್ರ ಕಸುಬುದಾರನದು. ನಿಕ್ಕಲ್ ನೀರು ಹಾಕಿಸಿದ್ದು ಮೊದಲೋ, ಚುಕ್ಕೆ ಹೊಡೆದದ್ದು ಮೊದಲೋ?”

“ಅದೇ ಗೊತ್ತಾಗಬೇಕು ಅಪ್ಪ. ನೀವು ಹೇಳಿ, ಹೇಗೆ ನೋಡಲಿ?”

“ಹೊಡೆದಾಗ ಚುಕ್ಕೆಯ ಸುತ್ತ ಲೋಹ ಉಬ್ಬುತ್ತದೆ. ಪಾಲಿಶ್ ಆದ ಪಾತ್ರೆಗೆ ನಾನು ಹೆಸರು ಹಾಕಿದರೆ ಉಗುರಿಗೆ ತರಿತರಿ ತಾಗುತ್ತದಲ್ಲ, ಅದು. ಹೊಡೆದ ಮೇಲೆ ಉಜ್ಜಿ, ಆಮೇಲೆ ನೀರು ಹಾಕಿಸಿದ್ದರೆ ಉಗುರು ನುಣ್ಣಗೆ ಹೋಗುತ್ತದೆ, ಗುಂಡಿಯ ಒಳಗೂ ಬಿಳುಪು ಇರುತ್ತದೆ. ನೀರಿನ ಮೇಲೆ ಹೊಡೆದಿದ್ದರೆ ಅಂಚಿನಲ್ಲಿ ಸಿಪ್ಪೆ ಎದ್ದಿರುತ್ತದೆ. ಉಗುರು ಆಡಿಸಿ ನೋಡು.”

ಆಮೇಲೆ ಫೋಟೋವನ್ನು ದೊಡ್ಡದು ಮಾಡುತ್ತ, ಚಿಕ್ಕದು ಮಾಡುತ್ತ ತಾವಾಗಿಯೇ ಹೇಳತೊಡಗಿದರು. ಅಂಚಿನ ಸಾಲನ್ನು ಮೊದಲು ಹೊಡೆದಿದ್ದಾನೆ, ಎಡದಿಂದ ಶುರು ಮಾಡಿದ್ದಾನೆ. ಬಲ ಮೂಲೆಗೆ ಬಂದಾಗ ಜಾಗ ಸಾಲದೆ ಕೊನೆಯ ಐದು ಚುಕ್ಕೆ ಒತ್ತೊತ್ತಾಗಿವೆ. ಉದ್ದ ಹೆಸರಿನ ಕೊನೆಯ ಅಕ್ಷರಗಳನ್ನು ಚೊಂಬಿನ ಕಂಠದಲ್ಲಿ ತುರುಕಬೇಕಾಗಿ ಬಂದಾಗ ತಮಗೂ ಹಾಗೆಯೇ ಆಗುತ್ತಿತ್ತು. ಪ್ರತಿ ಚುಕ್ಕೆಯ ಒಂದೇ ಮಗ್ಗುಲು ತುಸು ಆಳ. ಚಾಣ ಓರೆಯಾಗಿದೆ, ಓರೆ ನೋಡಿದರೆ ಸುತ್ತಿಗೆ ಬಲಗೈಯಲ್ಲಿತ್ತು. ಹಕ್ಕಿಯ ರೆಕ್ಕೆಗೆ ಬೇರೆ ಚಾಣ ಹಿಡಿದಿದ್ದಾನೆ, ಮೊನೆ ಇನ್ನೂ ಸಣ್ಣದು.

“ಕಣ್ಣು ನೋಡು,” ಎಂದರು. “ಎರಡು ಏಟು ಹಾಕಿದ್ದಾನೆ. ಒಂದೇ ಚುಕ್ಕೆ, ಆದರೆ ಎರಡು ಸಲ. ಒಂದು ಏಟಿಗೆ ಕಣ್ಣು ಬಾಕಿ ಚುಕ್ಕೆಗಳ ಜೊತೆ ಕಳೆದುಹೋಗುತ್ತದೆ. ಗಣಪತಿ ಹೊಡೆಯುವಾಗ ನಾನೂ ಹಾಗೆಯೇ ಮಾಡುತ್ತಿದ್ದೆ.”

ನಾನು ಆ ಫೋಟೋವನ್ನು ಕಡಿಮೆಯೆಂದರೆ ನೂರು ಸಲ ನೋಡಿದ್ದೆ. ಕಣ್ಣು ನನಗೆ ಕಂಡಿರಲಿಲ್ಲ.

ಶನಿವಾರ ಹಿರಿಯರ ಮನೆಗೆ ಮತ್ತೆ ಹೋದೆ. ಕೈಗವಸು ತೆಗೆದು, ಅನುಮತಿ ಕೇಳಿ, ಉಗುರಿನ ಅಂಚನ್ನು ಅಂಕಣದ ಮೇಲೆ ಮೆಲ್ಲಗೆ ಆಡಿಸಿದೆ. ಎಲ್ಲೂ ತಡೆಯಲಿಲ್ಲ. ಭೂತಗನ್ನಡಿಯ ಕೆಳಗೆ ಚುಕ್ಕೆಯ ತಳದಲ್ಲಿ ನಿಕ್ಕಲ್ ತಣ್ಣಗೆ ಬೆಳ್ಳಗೆ ಕುಳಿತಿತ್ತು. ರಿವಾಲ್ವರ್‌ನ ‘ಕುದುರೆ’, ಅಂದರೆ ಗುಂಡು ಹಾರಿಸಲು ಎಳೆಯುವ ಭಾಗದ ಬಳಿ, ಎಷ್ಟೋ ಬೆರಳುಗಳು ತಾಗಿದ ಕಡೆ, ಲೇಪವೂ ಚುಕ್ಕೆಗಳೂ ಒಟ್ಟಿಗೆ ಸವೆದು ಮಸುಕಾಗಿದ್ದವು. ಬಿಡಿಭಾಗಗಳ ಮೇಲಿನ ಸಂಖ್ಯೆಗಳು ಒಂದಕ್ಕೊಂದು ಹೊಂದಿದವು. ಅಪ್ಪ ಹೇಳಿದ್ದನ್ನೆಲ್ಲ ಹಿರಿಯರಿಗೆ ಹೇಳಿದೆ. ಅವರು ಕಣ್ಣಿನ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು. ನಲವತ್ತು ವರ್ಷ ಅದು ಅವರ ಮನೆಯಲ್ಲಿತ್ತು. “ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ,” ಎಂದರು. ಚೆಕ್ ಬರೆದುಕೊಟ್ಟೆ. ಅವರು ರಸೀದಿ ಬರೆದು, ತಾವು ಯಾವ ವರ್ಷ ಯಾರಿಂದ ಕೊಂಡದ್ದು ಎಂಬುದನ್ನೂ ಸೇರಿಸಿ ಸಹಿ ಹಾಕಿದರು.

ಈಗ ಅದು ನಮ್ಮ ಮನೆಯ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಅದರಿಂದ ಯಾರೂ ಗುಂಡು ಹಾರಿಸುವುದಿಲ್ಲ. ಕಪ್ಪು ಮದ್ದಿನ ಕಾಲದ ಉಕ್ಕಿಗೆ ಇಂದಿನ ತೋಟಾ ಹಾಕುವುದು ಕೈಗೂ ಅಪಾಯ, ವಸ್ತುವಿಗೂ ಅಪಾಯ. ಚರ್ಮದ ಒರೆಯಲ್ಲಿ ಇಡಬಾರದು, ಚರ್ಮ ತೇವ ಹಿಡಿದು ಲೋಹವನ್ನು ತಿನ್ನುತ್ತದೆ. ಬ್ರಾಸೋದಂಥ ಪಾಲಿಶ್ ಹತ್ತಿರ ತರಲೇಬಾರದು, ಒಂದು ಉಜ್ಜಿಗೆ ಒಂದು ಪದರ ಹೋಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ರಿನೈಸಾನ್ಸ್ ಮೇಣವನ್ನು ವರ್ಷಕ್ಕೊಮ್ಮೆ ತೆಳುವಾಗಿ ಸವರುತ್ತೇನೆ. ಕೈಗವಸಿಲ್ಲದೆ ಮುಟ್ಟುವುದಿಲ್ಲ, ಬೆರಳ ಬೆವರಿನ ಉಪ್ಪು ಸಾಕು, ಒಂದು ಮಳೆಗಾಲದಲ್ಲಿ ಬೆರಳಚ್ಚು ತುಕ್ಕಾಗಿ ಏಳುತ್ತದೆ.

ಕಳೆದ ತಿಂಗಳು ತೆಳು ಕಾಗದವನ್ನು ಅಂಕಣದ ಮೇಲಿಟ್ಟು, ಮೆದು ಪೆನ್ಸಿಲಿನಿಂದ ಹಗುರವಾಗಿ ತೀಡಿ ಹಕ್ಕಿಯ ಪಡಿಯಚ್ಚು ತೆಗೆದೆ. ಒಂದನ್ನು ಅಂಚೆಯಲ್ಲಿ ಹಾಸನಕ್ಕೆ ಕಳಿಸಿದೆ. ಇನ್ನೊಂದನ್ನು ಕಾರ್ಖಾನೆಯ ಪತ್ರ ಇರಬೇಕಾಗಿದ್ದ ಲಕೋಟೆಯಲ್ಲಿ, ಒಂದು ಕಾರ್ಡಿನ ಜೊತೆ ಇಟ್ಟಿದ್ದೇನೆ. ಕಾರ್ಡಿನಲ್ಲಿ ಮಾದರಿ, ಸಂಖ್ಯೆ, ಅಳತೆ, ಕೊಂಡ ದಿನಾಂಕ ಎಲ್ಲ ಬರೆದು, ‘ಕೆತ್ತಿದವರು’ ಎಂಬ ಸಾಲಿಗೆ ಬಂದಾಗ ಹೀಗೆ ಬರೆದೆ: ಹೆಸರು ತಿಳಿಯದು. ಬಲಗೈ. ಎಡದಿಂದ ಶುರು. ಎರಡು ಚಾಣ. ಕಣ್ಣಿಗೆ ಎರಡು ಏಟು.